ಹರ್ಲಿಂಗ್‌ನಲ್ಲಿ ಬ್ಯಾಕ್ ಆಡುವುದು ಹೇಗೆ: ಹರ್ಲಿ ಹಿಡಿಯುವುದರಿಂದ ಕೌಂಟಿ ತಂಡದವರೆಗೆ

ಹರ್ಲಿಂಗ್ ಎಂದರೆ ಹರ್ಲಿ ಎಂಬ ಕೋಲಿನಿಂದ ಸಣ್ಣ ಚೆಂಡನ್ನು ಹೊಡೆದು ಆಡುವ ಐರ್ಲೆಂಡಿನ ಆಟ; ತಮ್ಮ ಗೋಲಿನ ಕಡೆ ನಿಂತು ಎದುರಾಳಿಗಳನ್ನು ತಡೆಯುವವರು ಬ್ಯಾಕ್‌ಗಳು. ಮರುದಿನದ ಪೇಪರಿನಲ್ಲಿ ಬರುವ ಸ್ಕೋರ್ ಪಟ್ಟಿಯಲ್ಲಿ ಹರ್ಲಿಂಗ್ ಬ್ಯಾಕ್‌ಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕ್ಲೇರ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಬ್ರಯಾನ್ ಲೋಹನ್ 1995ರಲ್ಲಿ ಆಲ್ ಐರ್ಲೆಂಡ್, ಅಂದರೆ ಕೌಂಟಿ ತಂಡಗಳ ಅತಿ ದೊಡ್ಡ ಪಂದ್ಯಾವಳಿ, ಗೆದ್ದ ತಂಡದ ಫುಲ್ ಬ್ಯಾಕ್. ಆ ವರ್ಷದ ಶ್ರೇಷ್ಠ ಹರ್ಲರ್ ಪ್ರಶಸ್ತಿಯೂ ಅವರಿಗೇ ಬಂತು. ಗೋಲಿನ ಹತ್ತಿರ ದಾಳಿಗೆ ನಿಲ್ಲುವ ಎದುರು ತಂಡದ ಫುಲ್ ಫಾರ್ವರ್ಡ್‌ಗೆ ಉಸಿರಾಡಲು ಜಾಗ ಕೊಡದೆ ನಿಂತದ್ದಕ್ಕೆ ಸಿಕ್ಕ ಮನ್ನಣೆ ಅದು. ಬ್ಯಾಕ್ ಆಗಬೇಕು ಎನ್ನುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇಷ್ಟೇ: ಎದುರಾಳಿ ನೆಮ್ಮದಿಯಾಗಿ ಹರ್ಲಿ ಬೀಸದ ಹಾಗೆ ನೋಡಿಕೊಳ್ಳುವುದು ಮೊದಲ ಕೆಲಸ, ಚೆಂಡು ನಿಮ್ಮ ಕೈಗೆ ಬರುವುದು ಎರಡನೆಯದು. ಈ ಎರಡನ್ನು ತಿರುವುಮುರುವು ಮಾಡಿಕೊಂಡವರೇ ಗೋಲು ಬಿಟ್ಟುಕೊಡುತ್ತಾರೆ.

ಐರ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳವರು ಮಕ್ಕಳನ್ನು ಹತ್ತಿರದ ಜಿಎಎ (ಈ ಆಟವನ್ನು ನಡೆಸುವ ಐರಿಶ್ ಸಂಸ್ಥೆ) ಕ್ಲಬ್ಬಿಗೆ ಸೇರಿಸಿದರೆ ಮೊದಲ ವಾರವೇ ಕೈಗೆ ಒಂದು ಹರ್ಲಿ ಬರುತ್ತದೆ. ಅಂಥವರಿಗೂ, ಈ ಆಟವನ್ನು ಸುಮ್ಮನೆ ನೋಡಿ ಮೆಚ್ಚಿಕೊಂಡವರಿಗೂ ಇಲ್ಲಿನ ವಿವರ ಉಪಯೋಗಕ್ಕೆ ಬರಬೇಕು.

ಮೈದಾನ ಮತ್ತು ಜಾಗಗಳು

ತಂಡಕ್ಕೆ 15 ಜನ. ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್. ಗೋಲು ಕಂಬಗಳ ನಡುವೆ 6.5 ಮೀಟರ್ ಅಂತರ, ಅಡ್ಡಪಟ್ಟಿ 2.5 ಮೀಟರ್ ಎತ್ತರದಲ್ಲಿ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ 3 ಪಾಯಿಂಟ್. ಮೇಲಿಂದ ಹೋದರೆ 1 ಪಾಯಿಂಟ್. 2-17 ಎಂದು ಬರೆದಿದ್ದರೆ ಎರಡು ಗೋಲು, ಹದಿನೇಳು ಪಾಯಿಂಟ್, ಒಟ್ಟು 23 ಎಂದು ಓದಿಕೊಳ್ಳಬೇಕು. ಬ್ಯಾಕ್‌ಗಳ ಎಲ್ಲ ಲೆಕ್ಕಾಚಾರವೂ ಇದರ ಮೇಲೆ ನಿಂತಿದೆ: ದೂರದಿಂದ ಒಂದು ಪಾಯಿಂಟ್ ಹೋದರೆ ಹೋಗಲಿ, ಗೋಲು ಬೀಳಕೂಡದು.

ಗೋಲಿಯ (ಗೋಲ್‌ಕೀಪರ್) ಮುಂದಿನ ಸಾಲು ಫುಲ್ ಬ್ಯಾಕ್ ಸಾಲು. ಜೆರ್ಸಿ 2 ಮತ್ತು 4 ಕಾರ್ನರ್ ಬ್ಯಾಕ್, 3 ಫುಲ್ ಬ್ಯಾಕ್. ಅದರ ಮುಂದೆ ಹಾಫ್ ಬ್ಯಾಕ್ ಸಾಲು: 5 ಮತ್ತು 7 ಅಂಚಿನವರು, 6 ಸೆಂಟರ್ ಬ್ಯಾಕ್. ಕಾರ್ನರ್ ಬ್ಯಾಕ್‌ಗೆ ಮೊದಲ ಐದು ಹೆಜ್ಜೆಯ ವೇಗ ಬೇಕು. ಫುಲ್ ಬ್ಯಾಕ್‌ಗೆ ಮೈಕಟ್ಟು, ಗುದ್ದಾಟದಲ್ಲೂ ಕಾಲು ಕೀಳದ ನಿಲುವು ಬೇಕು. ಎದುರು ಗೋಲಿ ಆಟ ಮತ್ತೆ ಶುರು ಮಾಡಲು ದೂರಕ್ಕೆ ಬಾರಿಸಿದ ಪಕ್‌ಔಟ್ ಬಂದು ಬೀಳುವುದು ಹೆಚ್ಚಾಗಿ ಹಾಫ್ ಬ್ಯಾಕ್‌ಗಳ ತಲೆಯ ಮೇಲೇ. ಹಾಗಾಗಿ ಅವರು ಎತ್ತರದ ಚೆಂಡನ್ನು ಕೈಯಲ್ಲಿ ಹಿಡಿಯಲೇಬೇಕು.

ಇತ್ತೀಚೆಗೆ ಒಬ್ಬ ಹೆಚ್ಚುವರಿ ಆಟಗಾರನನ್ನು ಫುಲ್ ಬ್ಯಾಕ್ ಸಾಲಿನ ಮುಂದೆ ನಿಲ್ಲಿಸುವ ರೂಢಿಯೂ ಬಂದಿದೆ. ಅವನನ್ನು ಸ್ವೀಪರ್ ಎನ್ನುತ್ತಾರೆ. ವಾಟರ್‌ಫರ್ಡ್‌ನ ಟೈಗ್ ಡ ಬುರ್ಕ ಆ ಜಾಗಕ್ಕೆ ಹೆಸರಾದವರು. ಲಿಮರಿಕ್‌ನ ಡೆಕ್ಲನ್ ಹ್ಯಾನನ್ 6ನೇ ನಂಬರಿನಲ್ಲಿದ್ದುಕೊಂಡೇ ತುಸು ಹಿಂದೆ ಸರಿದು ಎರಡೂ ಕೆಲಸ ಮಾಡಿದರು. ಹೊಸಬರು ಇದಕ್ಕೆ ಕೈಹಾಕುವುದು ಬೇಡ. ಒಬ್ಬ ಎದುರಾಳಿಯನ್ನು ಪೂರ್ತಿ ಪಂದ್ಯ ಕಾಯಲು ಬಂದ ಮೇಲೆ ಬಿಡುವಿನ ಜಾಗವನ್ನು ಕಾಯುವುದು ಕಲಿಯಿರಿ.

ಹರ್ಲಿ, ಹೆಲ್ಮೆಟ್, ಚೆಂಡು

ಹರ್ಲಿಯ ಅಳತೆಯನ್ನು ಇಂಚಿನಲ್ಲೇ ಹೇಳುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 32ರಿಂದ 36 ಇಂಚು. ಸರಿಯಾದ ಅಳತೆ ನೋಡುವ ಬಗೆ: ಬೂಟು ಹಾಕಿಕೊಂಡು ನೆಟ್ಟಗೆ ನಿಂತು, ಹರ್ಲಿಯ ಅಗಲ ತುದಿಯನ್ನು ಪಾದದ ಪಕ್ಕ ನೆಲಕ್ಕೆ ಊರಿ. ಹಿಡಿಕೆಯ ತುದಿ ಸೊಂಟದ ಮೂಳೆಗೆ ಬಂದರೆ ಸರಿ. ಮಗು ಬೆಳೆಯುತ್ತದಲ್ಲ ಎಂದು ಎರಡು ಇಂಚು ಉದ್ದದ್ದನ್ನು ಕೊಂಡುಕೊಡಬೇಡಿ. ಉದ್ದದ ಹರ್ಲಿಯನ್ನು ಒಂದೇ ಕೈಯಲ್ಲಿ ತಿರುಗಿಸಲು ಮಗುವಿಗೆ ಮಣಿಕಟ್ಟಿನ ಬಲ ಸಾಲದು. ಹುಕ್ ಹಾಕುವುದು, ಅಂದರೆ ಎದುರಾಳಿಯ ಬೀಸನ್ನು ಹಿಂದಿನಿಂದ ತಡೆಯುವುದು, ಒಂದೇ ಕೈಯಲ್ಲಿ, ಆದ್ದರಿಂದ ಬ್ಯಾಕ್‌ಗೆ ಈ ತಪ್ಪು ಇನ್ನೂ ದುಬಾರಿ.

ಚೆಂಡು ತಾಗುವ ಅಗಲ ತುದಿಗೆ ಬಾಸ್ ಎನ್ನುತ್ತಾರೆ. ಗೋಲಿಯನ್ನು ಬಿಟ್ಟು ಉಳಿದವರ ಬಾಸ್ 13 ಸೆಂಟಿಮೀಟರ್ ಮೀರುವಂತಿಲ್ಲ. ಹರ್ಲಿ ಮಾಡುವುದು ಆ್ಯಶ್ ಮರದಿಂದ, ಅದರಲ್ಲೂ ಬೇರಿನ ಹತ್ತಿರದ ಬುಡದಿಂದ. ಅಲ್ಲಿ ನಾರು ತಾನಾಗಿಯೇ ಬಾಗಿರುತ್ತದೆ. ಅಂಗಡಿಯಲ್ಲಿ ಹರ್ಲಿಯನ್ನು ಬೆಳಕಿಗೆ ಹಿಡಿದು ನೋಡಿ: ಗೆರೆಗಳು ಹಿಡಿಕೆಯಿಂದ ಇಳಿದು ಬಾಸ್‌ನ ತಿರುವಿನ ಜೊತೆಗೇ ತಿರುಗಬೇಕು. ತಿರುಗದೆ ನೇರವಾಗಿ ಅಂಚಿಗೆ ಹೋಗಿ ಮುಗಿದಿದ್ದರೆ ಮೊದಲ ಜೋರು ಬ್ಲಾಕ್‌ಗೇ ಆ ಗೆರೆಯುದ್ದಕ್ಕೂ ಸೀಳುತ್ತದೆ. ಬಾಸ್‌ನ ತುದಿಗೆ ಸುತ್ತಿದ ತಗಡಿನ ಪಟ್ಟಿ ಸಡಿಲವಾದರೆ ಅದೇ ದಿನ ಬಿಗಿ ಮಾಡಿಸಿ. ಎದ್ದು ನಿಂತ ಮೊಳೆ ಎದುರಾಳಿಯ ಕೈ ಕೊಯ್ಯುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲೋ ಹೀಟರ್ ಪಕ್ಕದಲ್ಲೋ ಇಟ್ಟರೆ ಆ್ಯಶ್ ಒಣಗಿ ಪೆಡಸಾಗುತ್ತದೆ. ಆಗಾಗ ಲಿನ್‌ಸೀಡ್ ಎಣ್ಣೆ ಒರೆಸಿದರೆ ಬಾಳಿಕೆ ಬರುತ್ತದೆ.

ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದೀಚೆಗೆ ಒಳ್ಳೆಯ ಮರ ಸಿಗುವುದು ಕಷ್ಟವಾಗುತ್ತಾ ಬಂದಿದೆ; ಬಿದಿರಿನ ಹರ್ಲಿ, ಸಿಂಥೆಟಿಕ್ ಹರ್ಲಿ ಈಗ ಮಾಮೂಲು. ಯಾವುದನ್ನೇ ಆರಿಸಿದರೂ ಒಂದೇ ತೂಕದ, ಒಂದೇ ಉದ್ದದ ಎರಡು ಮೂರು ಇಟ್ಟುಕೊಳ್ಳಿ. ಪಂದ್ಯದ ನಡುವೆ ಮುರಿದಾಗ ಬೇರೆ ತೂಕದ್ದು ಕೈಗೆ ಬಂದರೆ ಮೊದಲ ಎರಡು ಹೊಡೆತ ತಪ್ಪುವುದು ಖಂಡಿತ.

2010ರ ಜನವರಿಯಿಂದ ಎಲ್ಲ ವಯಸ್ಸಿನವರಿಗೂ ಮುಖಕ್ಕೆ ಕಂಬಿಯಿರುವ ಹೆಲ್ಮೆಟ್ ಕಡ್ಡಾಯ. ಚೆನ್ನಾಗಿ ಕಾಣಿಸಲಿ ಎಂದು ಕಂಬಿಯನ್ನು ಬಗ್ಗಿಸಿಕೊಳ್ಳುವವರಿದ್ದಾರೆ. ಬೇಡ. ಬ್ಯಾಕ್ ಆದವನು ಬೀಸುವ ಹರ್ಲಿಗೆ ಮುಖ ಕೊಟ್ಟು ಹೋಗಬೇಕಾದವನು; ಅಗಲವಾದ ಸಂದಿಯಲ್ಲಿ ಬಾಸ್‌ನ ತುದಿ ನೇರ ಕಣ್ಣಿಗೆ ಬರುತ್ತದೆ.

ಸ್ಲಿಟರ್ ಎನ್ನುವ ಚೆಂಡು 69ರಿಂದ 72 ಮಿಲಿಮೀಟರ್ ಅಡ್ಡಳತೆ, 110ರಿಂದ 120 ಗ್ರಾಂ ತೂಕ, ಮೇಲೆ ಚರ್ಮ, ಎದ್ದ ಹೊಲಿಗೆಯ ಅಂಚು. ನೆನೆದರೆ ತೂಕ ಏರುತ್ತದೆ. ಮಳೆಯ ದಿನ ಕೈಯಲ್ಲಿ ಹಿಡಿಯುವುದಕ್ಕಿಂತ ಬಾಸ್‌ನಿಂದ ತಡೆದು ಕಾಲಬುಡಕ್ಕೆ ಬೀಳಿಸಿಕೊಳ್ಳುವುದೇ ಮೇಲು.

ಕೈಹಿಡಿತ: ಕ್ರಿಕೆಟ್ ಅಭ್ಯಾಸ ಬಿಡಿಸುವುದು

ಕ್ರಿಕೆಟ್ ಆಡಿ ಬಂದ ಮಕ್ಕಳ ಮೊದಲ ಎಡವಟ್ಟು ಇಲ್ಲೇ. ಬಲಗೈಯವರು ಬ್ಯಾಟನ್ನು ಎಡಗೈ ಮೇಲೆ, ಬಲಗೈ ಕೆಳಗೆ ಇಟ್ಟು ಹಿಡಿಯುತ್ತಾರೆ. ಹರ್ಲಿಂಗ್‌ನಲ್ಲಿ ಕಲಿಸುವುದು ಇದಕ್ಕೆ ವಿರುದ್ಧ: ಬಲವುಳ್ಳ ಕೈ ಹಿಡಿಕೆಯ ತುದಿಯಲ್ಲಿ, ಇನ್ನೊಂದು ಕೈ ಅದರ ಕೆಳಗೆ. ಬಲವುಳ್ಳ ಕೈ ಹರ್ಲಿಯನ್ನು ಬಿಡುವುದೇ ಇಲ್ಲ. ಇನ್ನೊಂದು ಕೈ ಬಿಟ್ಟುಬಂದು ಚೆಂಡು ಹಿಡಿಯುತ್ತದೆ, ಮತ್ತೆ ಬಂದು ಸೇರುತ್ತದೆ. ಕ್ರಿಕೆಟ್ ಹಿಡಿತದಲ್ಲೇ ಆಡಿ ದೊಡ್ಡ ಹೆಸರು ಮಾಡಿದವರೂ ಇದ್ದಾರೆ, ನಿಜ. ಆದರೆ ಬ್ಯಾಕ್‌ಗೆ ಅದು ತೊಡಕು. ಹುಕ್‌ಗೆ ಕೈ ಚಾಚಿದಾಗ ದುರ್ಬಲ ಕೈಯೊಂದೇ ಹರ್ಲಿಯ ಮೇಲೆ ಉಳಿಯುತ್ತದೆ, ಎದುರಾಳಿಯ ಬೀಸು ತಾಗಿದ ಕೂಡಲೇ ಹರ್ಲಿ ಹಾರಿಹೋಗುತ್ತದೆ.

ಬಿಡಿಸುವ ಬಗೆ: ದಿನಕ್ಕೆ ಹತ್ತು ನಿಮಿಷ, ಗೋಡೆಯಿಂದ ಐದಾರು ಮೀಟರ್ ದೂರ ನಿಂತು, ಬಲವುಳ್ಳ ಒಂದೇ ಕೈಯಲ್ಲಿ ಹರ್ಲಿ ಹಿಡಿದು ಚೆಂಡನ್ನು ಗೋಡೆಗೆ ತಟ್ಟಿ, ವಾಪಸ್ ಬಂದದ್ದನ್ನು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಇದು ಸರಾಗವಾದ ಮೇಲೆ ಎರಡೂ ಕೈ ಸೇರಿಸಿ, ಎಡಬದಿಯಿಂದ 50, ಬಲಬದಿಯಿಂದ 50 ಹೊಡೆತ. ದುರ್ಬಲ ಬದಿಗೆ 20 ಹೆಚ್ಚು ಹಾಕಿ. ನೀವು ಒಂದೇ ಬದಿಯಿಂದ ಹೊಡೆಯುವವರು ಎಂದು ಗೊತ್ತಾದ ಫಾರ್ವರ್ಡ್ ನಿಮ್ಮನ್ನು ಇನ್ನೊಂದು ಬದಿಗೇ ತಳ್ಳುತ್ತಾ ಹೋಗುತ್ತಾನೆ.

ಎಲ್ಲಿ ನಿಲ್ಲಬೇಕು

ಗೋಲಿಗೂ ಎದುರಾಳಿಗೂ ನಡುವೆ ನಿಲ್ಲುವುದು ಮೂಲ ನಿಯಮ. ಎಷ್ಟು ದೂರ ಎಂದರೆ, ಕೈ ಚಾಚಿದರೆ ಅವನ ಜೆರ್ಸಿ ಬೆರಳಿಗೆ ತಾಗುವಷ್ಟು. ಜೆರ್ಸಿ ಹಿಡಿಯಲಿಕ್ಕಲ್ಲ, ಅಳತೆಗೆ. ನೇರ ಬೆನ್ನ ಹಿಂದೆ ನಿಂತರೆ ಚೆಂಡು ಕಾಣುವುದಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ, ಮೈದಾನದ ನಡುವಿನ ಕಡೆಗೆ ಸರಿದು ನಿಲ್ಲಿ. ಆಗ ಚೆಂಡೂ ಅವನ ಸೊಂಟವೂ ಒಂದೇ ನೋಟಕ್ಕೆ ಸಿಗುತ್ತವೆ. ತಲೆ ಅಲ್ಲಾಡಿಸಿ ಮೋಸ ಮಾಡಬಹುದು, ಹರ್ಲಿ ಎತ್ತಿ ಮೋಸ ಮಾಡಬಹುದು. ಸೊಂಟ ತಿರುಗಿದ ಕಡೆಗೇ ಅವನು ಹೋಗುವುದು.

ಚೆಂಡು ಬರುವಾಗ ಮುಂದೆ ಹೋಗಿ ಹಿಡಿಯಬೇಕೋ ಹಿಂದೆ ಉಳಿಯಬೇಕೋ ಎಂಬುದು ಕಾರ್ನರ್ ಬ್ಯಾಕ್‌ನ ದಿನದ ತಲೆನೋವು. ನಾವು ಹೇಳುವುದು ಹೀಗೆ: ಚೆಂಡು ಸೊಂಟಕ್ಕಿಂತ ಕೆಳಗೆ ಬರುತ್ತಿದ್ದು, ನಿಮ್ಮ ಹರ್ಲಿ ಅವನ ಹರ್ಲಿಗಿಂತ ಮೊದಲು ತಾಗುವುದು ಖಚಿತವಾದರೆ ಮುಂದೆ ನುಗ್ಗಿ. ಖಚಿತವಿಲ್ಲವೆಂದರೆ ಹಿಂದೆಯೇ ಇರಿ, ಅವನು ಹಿಡಿಯಲಿ, ತಿರುಗಲು ಬಿಡಬೇಡಿ. ಅರ್ಧಕ್ಕೆ ಹೋಗಿ ನಿಂತುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಚೆಂಡು ಒಂದೇ ಪುಟಿತಕ್ಕೆ ಇಬ್ಬರನ್ನೂ ದಾಟಿದರೆ ಅವನ ಮುಖ ಗೋಲಿನ ಕಡೆ, ನಿಮ್ಮ ಮುಖ ಎದುರು ಗೋಲಿನ ಕಡೆ. ತಿರುಗಿ ಓಡುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ.

ಇನ್ನೊಂದು: ನಿಮ್ಮ ಗೋಲಿ ಮಾತಾಡಬೇಕು, ನೀವು ಕೇಳಿಸಿಕೊಳ್ಳಬೇಕು. ಪೂರ್ತಿ ಮೈದಾನ ಎದುರಿಗೆ ಕಾಣುವುದು ಅವನಿಗೊಬ್ಬನಿಗೇ. "ಹಿಂದೆ ಒಬ್ಬ", "ಬಿಡು, ನಂದು", "ತಿರುಗು" ಎಂಬ ಮೂರು ಕೂಗನ್ನು ಅಭ್ಯಾಸದಲ್ಲೇ ಗೊತ್ತು ಮಾಡಿಕೊಂಡಿದ್ದರೆ ಸಾಕು.

ಹುಕ್

ಎದುರಾಳಿ ಹೊಡೆಯಲು ಹರ್ಲಿಯನ್ನು ಹಿಂದಕ್ಕೆ ಎತ್ತಿದಾಗ, ಹಿಂದಿನಿಂದ ನಿಮ್ಮ ಹರ್ಲಿಯನ್ನು ಆ ದಾರಿಗೆ ಅಡ್ಡ ಇಟ್ಟು ಬೀಸನ್ನು ನಿಲ್ಲಿಸುವುದಕ್ಕೆ ಹುಕ್ ಎನ್ನುತ್ತಾರೆ. ಬ್ಯಾಕ್‌ನ ಕಲೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಎಂದೇ ನಮ್ಮ ಅಭಿಪ್ರಾಯ. ಎದುರಾಳಿ ನಿಮ್ಮನ್ನು ದಾಟಿ ಹೋದ ಮೇಲೂ ಆಟ ನಿಮ್ಮ ಕೈಯಲ್ಲಿ ಉಳಿಯುವುದು ಇದೊಂದರಿಂದಲೇ.

1. ಅವನು ಯಾವ ಬದಿಯಿಂದ ಹೊಡೆಯುತ್ತಾನೋ ಆ ಬದಿಯ ಹಿಂದೆ ಓಡಿ. ಬಲಬದಿಗೆ ಚೆಂಡು ಎಸೆದುಕೊಳ್ಳುವವನಾದರೆ ಅವನ ಬಲ ಭುಜದ ಹಿಂದೆ. ನೇರ ಬೆನ್ನ ಹಿಂದೆ ಓಡಿದರೆ ನಿಮ್ಮ ಹರ್ಲಿ ಅವನ ಮೈಗೆ ತಾಗುತ್ತದೆ, ಎದುರು ತಂಡಕ್ಕೆ ಫ್ರೀ (ತಡೆಯಿಲ್ಲದ ಹೊಡೆತ) ಹೋಗುತ್ತದೆ.

2. ಹರ್ಲಿಯ ತುದಿಯನ್ನು ಬಲವುಳ್ಳ ಒಂದೇ ಕೈಯಲ್ಲಿ ಹಿಡಿಯಿರಿ. ತೋಳು ಮತ್ತು ಹರ್ಲಿ ಸೇರಿ ಒಂದೂವರೆ ಮೀಟರ್ ಚಾಚು ಸಿಗುತ್ತದೆ. ಎರಡು ಕೈ ಹಾಕಿದರೆ ಅದರಲ್ಲಿ ಅರ್ಧ ಹೋಯಿತು.

3. ಅವನ ಕೈಯಿಂದ ಚೆಂಡು ಬಿಟ್ಟ ಕ್ಷಣ ನಿಮ್ಮ ಗುರುತು. ಚೆಂಡು ಗಾಳಿಯಲ್ಲಿದ್ದಾಗ ಅವನು ಬೀಸಲೇಬೇಕು. ಅದಕ್ಕೂ ಮೊದಲೇ ಹರ್ಲಿ ಚಾಚಿದರೆ ನಿಮ್ಮನ್ನು ನೋಡಿ ಬೀಸು ತಡೆದುಕೊಂಡು ಒಳಗೆ ತಿರುಗುತ್ತಾನೆ.

4. ಬಾಸ್‌ನ ಚಪ್ಪಟೆ ಮುಖವನ್ನು ಅವನ ಹರ್ಲಿ ಇಳಿಯುವ ದಾರಿಗೆ ಒಡ್ಡಿ. ಮಣಿಕಟ್ಟು ಸಡಿಲವಿರಲಿ. ಒಡ್ಡುವುದು ಮಾತ್ರ, ಮೇಲಿಂದ ಬಡಿಯುವುದಲ್ಲ. ಅವನ ಹರ್ಲಿಯ ಮೇಲೆ ಕೆಳಮುಖವಾಗಿ ಬಡಿದರೆ ಅದು ಚಾಪ್, ಫೌಲ್.

5. ಹುಕ್ ಬಿದ್ದ ಮೇಲೆ ಚೆಂಡು ಅವನ ಕಾಲಬುಡದಲ್ಲಿ ಬೀಳುತ್ತದೆ. ಓಟ ನಿಲ್ಲಿಸದೆ ಅದೇ ವೇಗದಲ್ಲಿ ಅವನನ್ನು ದಾಟಿ ಚೆಂಡಿನ ಮೇಲೆ ಬೀಳಿ. ಹುಕ್ ಹಾಕಿ ಖುಷಿಯಲ್ಲಿ ನಿಂತವರು ಎರಡನೇ ಹೊಡೆತಕ್ಕೆ ಗೋಲು ಬಿಟ್ಟುಕೊಟ್ಟದ್ದು ಎಷ್ಟೋ ಸಲ.

ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: "ಇನ್ನು ಸಿಗುವುದಿಲ್ಲ" ಎಂದು ಕೊನೆಯ ಎರಡು ಹೆಜ್ಜೆಯಲ್ಲಿ ಓಟ ನಿಧಾನ ಮಾಡುವುದು. ಹೊಡೆಯಲು ಸಿದ್ಧನಾಗುವವನು ತಾನೂ ನಿಧಾನ ಮಾಡಲೇಬೇಕು. ನಿಮಗೆ ದೂರ ತುಂಬಿಬರುವುದು ಆ ಗಳಿಗೆಯಲ್ಲೇ. ಕೈಗೆಟುಕದಾಗ ಹರ್ಲಿ ಎಸೆಯುವುದು ಇನ್ನೊಂದು ತಪ್ಪು, ಅದೂ ಫೌಲ್.

ಒಂದು ಹುಕ್ ಎಂಥ ಬೆಲೆಯದ್ದು ಎಂದು ನೋಡಬೇಕಿದ್ದರೆ 2014ರ ಸೆಪ್ಟೆಂಬರ್ 27ರ ಆಲ್ ಐರ್ಲೆಂಡ್ ಫೈನಲ್ ಮರುಪಂದ್ಯವನ್ನು ಹುಡುಕಿ ನೋಡಿ. ಟಿಪ್ಪರೇರಿಯ ಶೇಮಸ್ ಕ್ಯಾಲನನ್ ಕಿಲ್ಕೆನಿ ಗೋಲಿನ ಮೇಲೆ ನುಗ್ಗಿ ಬಂದು ಹೊಡೆಯಲು ಹರ್ಲಿ ಎತ್ತುತ್ತಾರೆ. ಹಿಂದೆ ಬಿದ್ದಿದ್ದ ಜೆ.ಜೆ. ಡಿಲೇನಿ ಪೂರ್ತಿ ತೋಳು ಚಾಚಿ ಆ ಬೀಸನ್ನು ಹಿಡಿದು ನಿಲ್ಲಿಸುತ್ತಾರೆ. ಪಂದ್ಯ ಮುಗಿದಾಗ ಕಿಲ್ಕೆನಿ 2-17, ಟಿಪ್ಪರೇರಿ 2-14. ಅಂತರ ಸರಿಯಾಗಿ ಒಂದು ಗೋಲಿನದ್ದು. ನಿಧಾನಗತಿಯಲ್ಲಿ ನೋಡುವಾಗ ಡಿಲೇನಿಯ ಕಾಲುಗಳನ್ನು ಗಮನಿಸಿ, ಕೈಯನ್ನಲ್ಲ. ಓಟ ಎಲ್ಲೂ ಕಡಿಮೆಯಾಗುವುದಿಲ್ಲ.

ಅಭ್ಯಾಸಕ್ಕೆ ಇಬ್ಬರು ಸಾಕು. ಒಬ್ಬ ಚೆಂಡು ಹಿಡಿದು ಗೋಲಿನ ಕಡೆ ಓಡಲಿ, ಇನ್ನೊಬ್ಬ ಎರಡು ಮೀಟರ್ ಹಿಂದಿನಿಂದ ಹೊರಡಲಿ. 20 ಮೀಟರ್ ಗೆರೆ ತಲುಪುವ ಮೊದಲು ಹೊಡೆಯಬೇಕು. ಹತ್ತು ಸಲ ಬಲಬದಿ, ಹತ್ತು ಸಲ ಎಡಬದಿ, ಆಮೇಲೆ ಅದಲು ಬದಲು. ಸುಸ್ತಾದ ಮೇಲೆ ಮಾಡಿದ ಕೊನೆಯ ಐದೇ ನಿಜವಾದ ಅಭ್ಯಾಸ, ಪಂದ್ಯದಲ್ಲೂ ಬೇಕಾಗುವುದು ಸುಸ್ತಾದ ಹೊತ್ತಿನಲ್ಲೇ.

ಬ್ಲಾಕ್

ಇದು ಎದುರಿನಿಂದ ಮಾಡುವುದು. ಭಯವಾಗುವುದು ಸಹಜ, ಆದರೆ ಇಲ್ಲಿ ಹತ್ತಿರ ಹೋದಷ್ಟೂ ಕ್ಷೇಮ. ಒಂದೂವರೆ ಮೀಟರ್ ದೂರದಲ್ಲಿ ನಿಂತು ಹರ್ಲಿ ಒಡ್ಡಿದರೆ ಅವನ ಬೀಸು ಪೂರ್ತಿ ವೇಗ ಪಡೆದು ನಿಮ್ಮ ಬೆರಳಿಗೆ ಬರುತ್ತದೆ. ಒಂದೇ ಹೆಜ್ಜೆಯಷ್ಟು ಹತ್ತಿರವಿದ್ದರೆ ಬೀಸು ಬಲ ಪಡೆಯುವ ಮೊದಲೇ ಚೆಂಡು ನಿಮ್ಮ ಬಾಸ್‌ಗೆ ಬಡಿದು ಸಾಯುತ್ತದೆ.

ಅವನ ಹೊಡೆಯುವ ಬದಿಗೆ ಓರೆಯಾಗಿ ಹೋಗಿ, ಕೊನೆಯ ಹೆಜ್ಜೆ ದೊಡ್ಡದಿರಲಿ, ಎರಡೂ ಕೈ ಹಿಡಿಕೆಯ ಮೇಲಿರಲಿ, ತೋಳು ಮುಂದಕ್ಕೆ ಚಾಚಿ ಬಾಸ್‌ನ ಮುಖವನ್ನು ಚೆಂಡಿಗೆ ತೋರಿಸಿ. ನೆಲದ ಹೊಡೆತವಾದರೆ ಕೈಗಳನ್ನು ಅಗಲಿಸಿ ಹಿಡಿದು, ಮೊಣಕಾಲು ಮಡಿಸಿ, ಬಾಸ್ ನೆಲ ಮುಟ್ಟುವ ಹಾಗೆ ಇಳಿಸಿ. ನೆಲಕ್ಕೂ ಬಾಸ್‌ಗೂ ಸಂದಿ ಉಳಿದರೆ ಚೆಂಡು ಅದರಲ್ಲೇ ನುಸುಳುತ್ತದೆ. ಕಣ್ಣು ಮುಚ್ಚಬೇಡಿ, ತಲೆ ಆಚೆ ತಿರುಗಿಸಬೇಡಿ. ತಲೆ ತಿರುಗಿಸಿದರೆ ಹೆಲ್ಮೆಟ್ಟಿನ ಕಂಬಿಯಿರುವ ಮುಂಭಾಗ ಹೋಗಿ, ರಕ್ಷಣೆ ಕಡಿಮೆಯಿರುವ ಕಿವಿಯ ಕೆಳಭಾಗ ಮತ್ತು ಕುತ್ತಿಗೆ ಹೊಡೆತಕ್ಕೆ ಸಿಗುತ್ತವೆ.

ಮಕ್ಕಳಿಗೆ ಕಲಿಸುವಾಗ ಮೊದಲ ಕೆಲವು ವಾರ ಟೆನಿಸ್ ಚೆಂಡು ಬಳಸಿ. ಭಯ ಹೋಗುವುದು ಮುಖ್ಯ, ಚೆಂಡಿನ ತೂಕ ಆಮೇಲೆ ಬಂದೇ ಬರುತ್ತದೆ.

ಎತ್ತರದ ಚೆಂಡು

ಬೇಗ ಹೋಗಿ ಚೆಂಡಿನ ಕೆಳಗೆ ನಿಂತು ಕಾಯುವುದು ಹೊಸಬರ ಚಾಳಿ. ನಿಂತವನು ನೆಗೆಯಲಾರ, ಹಿಂದಿನಿಂದ ಓಡಿಬಂದವನು ಅವನ ಮೇಲೆಯೇ ನೆಗೆದು ಹಿಡಿಯುತ್ತಾನೆ. ಎರಡು ಮೂರು ಹೆಜ್ಜೆ ಹಿಂದೆ ಉಳಿದು, ಚೆಂಡು ಇಳಿಯಲು ಶುರುವಾದಾಗ ಹೊರಟು, ಒಂದು ಕಾಲಲ್ಲಿ ನೆಗೆಯಿರಿ. ಹಿಡಿಯುವ ಕೈ ಪೂರ್ತಿ ಮೇಲೆ ಚಾಚಿರಲಿ. ಹರ್ಲಿ ಹಿಡಿದ ಕೈ ಅದರ ಪಕ್ಕದಲ್ಲೇ ಎದ್ದು, ಎದುರಾಳಿಯ ಹರ್ಲಿ ನಿಮ್ಮ ಬೆರಳಿಗೆ ಬಾರದಂತೆ ಅಡ್ಡ ನಿಲ್ಲಬೇಕು. ಹರ್ಲಿಂಗ್‌ನಲ್ಲಿ ಬೆರಳು, ಅಂಗೈ ಮೂಳೆ ಮುರಿಯುವುದು ತುಂಬ ಸಾಮಾನ್ಯ. ಎದುರಾಳಿಯ ಹರ್ಲಿಯ ದಾರಿಯಲ್ಲಿ ಬರಿಗೈ ಎತ್ತಿದವರಿಗೆ ಈ ಪೆಟ್ಟು ಕಾದಿರುತ್ತದೆ. ಹಿಡಿಯುವ ಕೈಗೆ ಗ್ಲೌಸ್ ಹಾಕಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ಎತ್ತರದವರಷ್ಟೇ ಇದಕ್ಕೆ ಲಾಯಕ್ಕು ಎಂಬ ಮಾತಿಗೆ ಕಿಲ್ಕೆನಿಯ ಟಾಮಿ ವಾಲ್ಷ್ ಉತ್ತರ. ಎತ್ತರದ ಆಳಲ್ಲ ಅವರು. ಆದರೂ ತಮಗಿಂತ ಗೇಣುದ್ದ ಹೆಚ್ಚಿದ್ದವರ ತಲೆಯ ಮೇಲಿನಿಂದ ಚೆಂಡು ಕಸಿದರು. 2003ರಿಂದ 2011ರವರೆಗೆ ಸತತ ಒಂಬತ್ತು ವರ್ಷ, ಆಯಾ ವರ್ಷದ ಶ್ರೇಷ್ಠರನ್ನು ಆರಿಸುವ ಆಲ್ ಸ್ಟಾರ್ ತಂಡದಲ್ಲಿ ಅವರ ಹೆಸರಿತ್ತು. ಅವರ ಗುಟ್ಟು ನೆಗೆಯುವ ಹೊತ್ತಿನಲ್ಲಿದೆ.

ಹಿಡಿಯಲು ಆಗುವುದಿಲ್ಲ ಅನ್ನಿಸಿದರೆ ಅವನಿಗೂ ಸಿಗದಂತೆ ಕೆಡವಿ. ಎಲ್ಲಿಗೆ ಕೆಡವಬೇಕು ಎಂಬುದನ್ನು ಪಕ್ಕದ ಬ್ಯಾಕ್ ಜೊತೆ ಮೊದಲೇ ಮಾತಾಡಿಕೊಂಡಿರಿ: ಸೈಡ್‌ಲೈನ್ ಕಡೆಗೆ, ಯಾವತ್ತೂ ಗೋಲಿನ ಮುಂದಕ್ಕಲ್ಲ.

ಚೆಂಡು ಸಿಕ್ಕ ಮೇಲೆ

ಕೈಯಲ್ಲಿ ಹಿಡಿದು ನಾಲ್ಕೇ ಹೆಜ್ಜೆ. ಹರ್ಲಿಯಿಂದ ಮತ್ತೆ ಕೈಗೆ ತೆಗೆದುಕೊಳ್ಳುವುದು ಎರಡೇ ಸಲ. ನೆಲದಲ್ಲಿರುವ ಚೆಂಡನ್ನು ಕೈಯಿಂದ ಎತ್ತುವಂತಿಲ್ಲ, ಹರ್ಲಿಯಿಂದಲೇ ಎತ್ತಬೇಕು. ಜನ ಮುತ್ತಿಕೊಂಡಾಗ ಬ್ಯಾಕ್‌ಗಳು ಮರೆಯುವುದು ಮೊದಲನೆಯದನ್ನು. ಐದನೇ ಹೆಜ್ಜೆಗೆ ಸೀಟಿ, ಗೋಲಿನೆದುರು ಫ್ರೀ.

ತಲೆ ಎತ್ತಿ ನೋಡದೆ ಸುಮ್ಮನೆ ದೂರಕ್ಕೆ ಬಾರಿಸುವ ಕಾಲ ಹೋಯಿತು. ಹಾಗೆ ಹೊಡೆದ ಚೆಂಡು ಎದುರು ಹಾಫ್ ಬ್ಯಾಕ್‌ನ ಕೈಗೆ ಹೋಗಿ ಹತ್ತು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಕ್ರಮ ಹೀಗಿರಲಿ: ಮೊದಲು ಪಕ್ಕದಲ್ಲಿ ಬಿಡುವಾಗಿರುವವನಿಗೆ ಹ್ಯಾಂಡ್‌ಪಾಸ್, ಇಲ್ಲವಾದರೆ ಸೈಡ್‌ಲೈನ್ ಉದ್ದಕ್ಕೆ ಹೊಡೆತ, ಅದೂ ಇಲ್ಲವಾದರೆ ಸೈಡ್‌ಲೈನ್ ಆಚೆಗೆ. ನಿಮ್ಮ ಹಿಂದಿನ ಗೆರೆ ದಾಟಿಸಿದರೆ 65 ಮೀಟರ್ ಗೆರೆಯಿಂದ ಎದುರು ತಂಡಕ್ಕೆ ಫ್ರೀ. ಕೌಂಟಿ ಮಟ್ಟದಲ್ಲಿ ಅದು ಬಹುಪಾಲು ಒಂದು ಪಾಯಿಂಟೇ. ಲಿಮರಿಕ್‌ನ ಹಾಫ್ ಬ್ಯಾಕ್ ಡಿಯರ್ಮಿಡ್ ಬರ್ನ್ಸ್ ದೂರದ ಫ್ರೀಗಳನ್ನು ತಾವೇ ಹೊಡೆದು ಪಾಯಿಂಟ್ ಗಳಿಸಿದವರು, 2022ರ ವರ್ಷದ ಹರ್ಲರ್. ಬ್ಯಾಕ್‌ಗೆ ಒಳ್ಳೆಯ ಹೊಡೆತವಿದ್ದರೆ ಎದುರು ತಂಡ ತನ್ನ ಅರ್ಧದಲ್ಲೂ ಫೌಲ್ ಮಾಡಲು ಹೆದರುತ್ತದೆ.

ಸೀಟಿ ಊದಿಸುವ ತಪ್ಪುಗಳು

ಭುಜಕ್ಕೆ ಭುಜ ಕೊಟ್ಟು ತಳ್ಳಬಹುದು. ಒಂದು ಕಾಲಾದರೂ ನೆಲದ ಮೇಲಿರಬೇಕು. ಎದೆಗೋ ಬೆನ್ನಿಗೋ ಕೊಟ್ಟರೆ ಫೌಲ್. ಗೋಲಿನ ಅವಕಾಶವನ್ನು 20 ಮೀಟರ್ ಗೆರೆಯೊಳಗೆ ಎಳೆದು ಬೀಳಿಸಿಯೋ ಕಾಲು ಕೊಟ್ಟೋ ಬೇಕಂತಲೇ ಕೆಡಿಸಿದರೆ ಪೆನಾಲ್ಟಿ, ಮೇಲೆ ಹತ್ತು ನಿಮಿಷ ಹೊರಗೆ. ಒಂದು ಕಾಲದಲ್ಲಿ ಗೋಲಿಗಿಂತ ಫೌಲ್ ವಾಸಿ ಎಂದು ಬ್ಯಾಕ್‌ಗಳಿಗೆ ಹೇಳಿಕೊಡುತ್ತಿದ್ದರು. ಈಗ ಆ ಲೆಕ್ಕ ನಷ್ಟದ್ದು.

ಹೆಲ್ಮೆಟ್ಟಿನ ಕಂಬಿಗೆ ಕೈಹಾಕಬೇಡಿ. ಗುದ್ದಾಟದಲ್ಲಿ ಬೆರಳು ಸಿಕ್ಕಿಕೊಂಡಿತು ಎಂದರೂ ರೆಫರಿ ಒಪ್ಪುವುದಿಲ್ಲ. 2017ರ ಕ್ವಾರ್ಟರ್ ಫೈನಲ್‌ನಲ್ಲಿ ಇದಕ್ಕಾಗಿಯೇ ರೆಡ್ ಕಾರ್ಡ್ ಪಡೆದ ಟೈಗ್ ಡ ಬುರ್ಕ ಸೆಮಿಫೈನಲ್ ಆಡಲಾಗಲಿಲ್ಲ.

ಕ್ಲಬ್ಬಿನಿಂದ ಕೌಂಟಿಗೆ

ಎಲ್ಲವೂ ಕ್ಲಬ್ಬಿನಿಂದ ಶುರು. ಆರೇಳು ವರ್ಷಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಬೇಸಿಗೆ ರಜೆಯಲ್ಲಿ ಕೂಲ್ ಕ್ಯಾಂಪ್ ಎಂಬ ಶಿಬಿರಗಳಿರುತ್ತವೆ. ಹನ್ನೆರಡರವರೆಗೆ ಮಗುವನ್ನು ಬ್ಯಾಕ್ ಎಂದು ಒಂದೇ ಜಾಗಕ್ಕೆ ಕಟ್ಟಿಹಾಕಬೇಡಿ, ಫಾರ್ವರ್ಡ್ ಜಾಗದಲ್ಲೂ ಆಡಲಿ. ಫಾರ್ವರ್ಡ್ ಹೇಗೆ ಯೋಚಿಸುತ್ತಾನೆ ಎಂದು ಗೊತ್ತಿರುವವನೇ ಒಳ್ಳೆಯ ಬ್ಯಾಕ್. ಆಫಲಿಯ ಬ್ರಯಾನ್ ವೆಲಹನ್ ಬಲ ಹಾಫ್ ಬ್ಯಾಕ್. 2000ದಲ್ಲಿ ಆರಿಸಿದ ಸಹಸ್ರಮಾನದ ತಂಡದಲ್ಲೂ ಅದೇ ಜಾಗ. 1998ರ ಫೈನಲ್ ದಿನ ಅವರಿಗೆ ಫ್ಲೂ ಜ್ವರ. ಪಂದ್ಯದ ನಡುವೆ ಅವರನ್ನು ಫುಲ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಅಲ್ಲಿ 1-6 ಗಳಿಸಿದರು, ಆಫಲಿ ಗೆದ್ದಿತು.

ಆಮೇಲಿನ ಮೆಟ್ಟಿಲುಗಳು ಶಾಲಾ ತಂಡ, 17ರೊಳಗಿನ ಮೈನರ್ ಕೌಂಟಿ ತಂಡ, 20ರೊಳಗಿನ ತಂಡ, ಕಾಲೇಜು ಸೇರಿದರೆ ಫಿಟ್ಜ್‌ಗಿಬ್ಬನ್ ಕಪ್, ಕೊನೆಗೆ ಸೀನಿಯರ್. ಮೈನರ್‌ನಲ್ಲಿ ಆಯ್ಕೆಯಾಗಲಿಲ್ಲ ಎಂದು ಬಿಟ್ಟುಬಿಡುವವರು ಬಹಳ. ಬ್ಯಾಕ್‌ಗಳು ತಡವಾಗಿ ಮಾಗುತ್ತಾರೆ, 22-23ಕ್ಕೆ ಮೈ ತುಂಬಿದ ಮೇಲೆ ಕ್ಲಬ್ ಪಂದ್ಯದಲ್ಲಿ ಕಣ್ಣಿಗೆ ಬಿದ್ದು ಒಳಗೆ ಬಂದವರಿದ್ದಾರೆ.

ಇದು ಸಂಬಳವಿಲ್ಲದ ಆಟ. ಕೌಂಟಿ ಜೆರ್ಸಿ ಹಾಕಿದವರೂ ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ. ಟಿಪ್ಪರೇರಿಯ ಪಾಡ್ರಿಕ್ ಮಾಹರ್ ಪೊಲೀಸ್ ಇಲಾಖೆಯಲ್ಲಿದ್ದರು. ವಾರದ ನಾಲ್ಕೈದು ಸಂಜೆ ಆಟಕ್ಕೆ ಹೋಗುತ್ತದೆ. ಆದ್ದರಿಂದ ನೌಕರಿ ಆರಿಸುವಾಗಲೇ ಪಾಳಿ, ಪ್ರಯಾಣದ ದೂರ ಎರಡನ್ನೂ ಲೆಕ್ಕ ಹಾಕಿಕೊಳ್ಳಿ. 2022ರಿಂದ ಆಲ್ ಐರ್ಲೆಂಡ್ ಫೈನಲ್ ಜುಲೈಗೇ ಮುಗಿಯುತ್ತದೆ, ಆಮೇಲೆ ಕ್ಲಬ್ ಪಂದ್ಯಗಳು. ರಜೆಯನ್ನೂ ಅದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬೇಕು.

ಮೈ ಕಾಪಾಡಿಕೊಳ್ಳುವುದು

ಹೆಚ್ಚು ಪೆಟ್ಟಾಗುವುದು ತೊಡೆಯ ಹಿಂಭಾಗದ ಸ್ನಾಯುವಿಗೆ. ಬ್ಯಾಕ್ ಹಿಮ್ಮುಖವಾಗಿ ಸರಿಯುತ್ತಿದ್ದು ತಟ್ಟನೆ ತಿರುಗಿ ಓಡುವವನು. ಆ ತಿರುವಿನಲ್ಲೇ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು. ಡಿಲೇನಿ 2006ರ ಫೈನಲ್ ತಪ್ಪಿಸಿಕೊಂಡದ್ದು ಈ ಪೆಟ್ಟಿನಿಂದ. ಲಿಮರಿಕ್‌ನ ಕಾರ್ನರ್ ಬ್ಯಾಕ್ ಷಾನ್ ಫಿನ್ 2023ರಲ್ಲಿ ಇದೇ ಪೆಟ್ಟಿಗೆ ಮೈದಾನದಿಂದ ದೂರ ಉಳಿದರು. ಇಬ್ಬರೂ ಮರಳಿ ಬಂದರು. ವಾಪಸಾಗಲು ಒಂಬತ್ತು ತಿಂಗಳಾದರೂ ಬೇಕು, ಅವಸರ ಮಾಡಿದರೆ ಎರಡನೇ ಸಲ ಹರಿಯುತ್ತದೆ. ಜಿಎಎ ಸಂಸ್ಥೆಯೇ ರೂಪಿಸಿದ ಹದಿನೈದು ನಿಮಿಷದ ವಾರ್ಮ್‌ಅಪ್ ಇದೆ, ಜಿಎಎ 15 ಎಂದು ಹೆಸರು. ಒಂದೇ ಕಾಲಲ್ಲಿ ಇಳಿಯುವುದು, ಪಕ್ಕಕ್ಕೆ ನೆಗೆಯುವುದು, ದಿಕ್ಕು ಬದಲಿಸುವುದು ಅದರಲ್ಲಿವೆ. ತಡವಾಗಿ ಬಂದೆ ಎಂದು ಅದನ್ನು ಬಿಟ್ಟು ನೇರ ಆಟಕ್ಕೆ ಇಳಿಯಬೇಡಿ.

ಕುತ್ತಿಗೆ ಮತ್ತು ತಲೆಯ ಪೆಟ್ಟಿನ ವಿಷಯದಲ್ಲಿ ಡಾಕ್ಟರ ಮಾತೇ ಕೊನೆ. ಮೂರು ಆಲ್ ಐರ್ಲೆಂಡ್ ಗೆದ್ದ ಮಾಹರ್ 2022ರಲ್ಲಿ ಕುತ್ತಿಗೆಯ ತೊಂದರೆಯಿಂದ ವೈದ್ಯರ ಸಲಹೆಯಂತೆ ಆಟವನ್ನೇ ಬಿಟ್ಟರು.

ವಯಸ್ಸಾದಂತೆ ಜಾಗ ಬದಲಿಸುವುದಕ್ಕೆ ಹಿಂಜರಿಯಬೇಡಿ. ಡಿಲೇನಿ ಅಂಚಿನ ಹಾಫ್ ಬ್ಯಾಕ್ ಆಗಿ ಶುರು ಮಾಡಿದವರು, 2003ರಲ್ಲಿ ವರ್ಷದ ಹರ್ಲರ್ ಆದವರು. ಆಮೇಲೆ ಫುಲ್ ಬ್ಯಾಕ್ ಜಾಗಕ್ಕೆ ಬಂದು, ಒಂಬತ್ತು ಆಲ್ ಐರ್ಲೆಂಡ್ ಪದಕಗಳೊಂದಿಗೆ 2014ರ ಕೊನೆಯಲ್ಲಿ ಕೌಂಟಿ ಆಟ ನಿಲ್ಲಿಸಿದರು. ಮೈದಾನದ ಉದ್ದಕ್ಕೂ ಓಡುವ ಶಕ್ತಿ ಇಳಿದಾಗ ಓದುವ ಬುದ್ಧಿ ಏರಿರುತ್ತದೆ, ಅದು ಹೆಚ್ಚು ಉಪಯೋಗಕ್ಕೆ ಬರುವುದು 3ನೇ ನಂಬರಿನಲ್ಲೇ. ಲೋಹನ್ ಆಟ ನಿಲ್ಲಿಸಿದ ಮೇಲೆ ಕ್ಲೇರ್ ತಂಡದ ಮ್ಯಾನೇಜರ್ ಆದರು. 2024ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೂ ಹೋದ ಪಂದ್ಯದಲ್ಲಿ ಕಾರ್ಕ್ ತಂಡವನ್ನು ಒಂದೇ ಪಾಯಿಂಟಿನಿಂದ ಸೋಲಿಸಿದರು.

ನಿಮ್ಮ ಆಟದ ಲೆಕ್ಕ

ಸ್ಕೋರ್ ಪಟ್ಟಿ ನಿಮ್ಮ ಬಗ್ಗೆ ಏನೂ ಹೇಳದ ಕಾರಣ ಸ್ವಂತ ಲೆಕ್ಕ ಇಡಬೇಕು. ಒಂದು ನೋಟ್‌ಬುಕ್‌ನಲ್ಲಿ ಪಂದ್ಯಕ್ಕೊಂದು ಸಾಲು, ಆರು ಕಲಂ: ಹುಕ್, ಬ್ಲಾಕ್, ಗೆದ್ದ ಚೆಂಡು, ಕೊಟ್ಟ ಫ್ರೀ, ಕಳೆದುಕೊಂಡ ಪಾಸ್, ನಿಮ್ಮ ಎದುರಾಳಿ ಆಟದಿಂದ ಗಳಿಸಿದ ಸ್ಕೋರ್. ಫ್ರೀಯಿಂದ ಅವನು ಗಳಿಸಿದ್ದನ್ನು ಕೊನೆಯ ಕಲಂಗೆ ಸೇರಿಸಬೇಡಿ, ಅದು ಫ್ರೀ ಕೊಟ್ಟವನ ಲೆಕ್ಕ. ವಿಡಿಯೊ ಇದ್ದರೆ ಮರುದಿನ ನೋಡಿ ಬರೆಯಿರಿ, ನೆನಪಿನಿಂದ ಬರೆದರೆ ಹುಕ್ ಹೆಚ್ಚಾಗುತ್ತವೆ, ಫ್ರೀ ಕಡಿಮೆಯಾಗುತ್ತವೆ.

ಐದು ಪಂದ್ಯವಾದ ಮೇಲೆ ಸಾಲುಗಳನ್ನು ಒಟ್ಟಿಗೆ ನೋಡಿ. ಪಂದ್ಯಕ್ಕೆ ಎರಡಕ್ಕಿಂತ ಹೆಚ್ಚು ಫ್ರೀ ಕೊಡುತ್ತಿದ್ದರೆ ತಪ್ಪು ಕೈಯಲ್ಲಿಲ್ಲ, ಕಾಲಲ್ಲಿದೆ; ತಡವಾಗಿ ತಲುಪಿದವನೇ ಕೈಹಾಕುವುದು. ಹಾಗಿದ್ದರೆ ಮುಂದಿನ ವಾರ ಹುಕ್ ಅಭ್ಯಾಸ ಅರ್ಧಕ್ಕೆ ಇಳಿಸಿ, ಐದು ಮೀಟರ್ ಓಟದ ಅಭ್ಯಾಸ ಇಮ್ಮಡಿ ಮಾಡಿ: ಹಿಮ್ಮುಖವಾಗಿ ಮೂರು ಹೆಜ್ಜೆ, ತಿರುಗಿ ಐದು ಮೀಟರ್, ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ, ಪ್ರತಿಯೊಂದರ ನಡುವೆ ಇಪ್ಪತ್ತು ಸೆಕೆಂಡು ಬಿಡುವು. ಫ್ರೀ ಇಲ್ಲದೆಯೂ ಎದುರಾಳಿ ಸ್ಕೋರ್ ಮಾಡುತ್ತಿದ್ದರೆ ನೀವು ಅವನಿಂದ ದೂರ ನಿಲ್ಲುತ್ತಿದ್ದೀರಿ. ವಿಡಿಯೊದಲ್ಲಿ ಚೆಂಡು ಹೊಡೆದ ಕ್ಷಣಕ್ಕೆ ನಿಲ್ಲಿಸಿ, ನಿಮ್ಮಿಬ್ಬರ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆದು ಅದನ್ನೂ ಏಳನೇ ಕಲಂನಲ್ಲಿ ಬರೆಯಿರಿ.